ಬಿ.ಎಡ್. ಆದ ಮೇಲೆ: ಎಂ.ಎಡ್., ಎಂ.ಎ. ಶಿಕ್ಷಣ, ಪಿಎಚ್.ಡಿ.ಗಳ ನಡುವೆ ಆಯ್ಕೆ ಹೇಗೆ?

ಬಿ.ಎಡ್. ಮುಗಿಸಿ ನಾಲ್ಕಾರು ವರ್ಷ ಪಾಠ ಮಾಡಿದ ಶಿಕ್ಷಕರು ಮುಂದೆ ಓದಬೇಕೆಂದು ಹೊರಟಾಗ ಹಾಸನ, ಚಿಕ್ಕಮಗಳೂರು ಕಡೆಯ ಸ್ಟಾಫ್ ರೂಮುಗಳಲ್ಲಿ ಸಿಗುವ ಸಲಹೆ ಬಹುಮಟ್ಟಿಗೆ ಒಂದೇ: ‘ಎಂ.ಎಡ್. ಮಾಡಿಬಿಡಿ, ಎಲ್ಲಾದರೂ ಉಪಯೋಗಕ್ಕೆ ಬರುತ್ತದೆ.’ ಸಲಹೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ‘ಎಲ್ಲಾದರೂ’ ಎಂದರೆ ಎಲ್ಲಿ ಎಂದು ಮೊದಲೇ ಕೇಳಿಕೊಳ್ಳದೆ ಸೇರಿದವರಿಗೆ, ಎರಡು ವರ್ಷ ಮತ್ತು ಒಂದಷ್ಟು ಹಣ ಕೈಬಿಟ್ಟ ಮೇಲೆ, ತಾವು ಬಯಸಿದ ಹುದ್ದೆಗೆ ಇನ್ನೊಂದು ಪದವಿಯೂ ಬೇಕಿತ್ತು ಎಂಬುದು ನೇಮಕಾತಿ ಅಧಿಸೂಚನೆ ಓದುವಾಗ ಗೊತ್ತಾಗುತ್ತದೆ. ಶಿಕ್ಷಣ ವಿಷಯದ ಉನ್ನತ ಪದವಿಗಳು ಹೊರನೋಟಕ್ಕೆ ಒಂದರ ಮೇಲೊಂದು ಇಟ್ಟ ಮೆಟ್ಟಿಲುಗಳಂತೆ ಕಾಣುತ್ತವೆ. ವಾಸ್ತವದಲ್ಲಿ ಅವು ಬೇರೆ ಬೇರೆ ಸಂಸ್ಥೆಗಳ ನಿಯಂತ್ರಣದಲ್ಲಿ, ಬೇರೆ ಬೇರೆ ಉದ್ದೇಶಗಳಿಗಾಗಿ ರೂಪುಗೊಂಡಿವೆ. ಆದ್ದರಿಂದ ಪದವಿಯ ಹೆಸರಿನಿಂದ ಯೋಚನೆ ಆರಂಭಿಸುವುದಕ್ಕಿಂತ, ಐದು ವರ್ಷದ ನಂತರ ತಾನು ಯಾವ ಕೆಲಸದಲ್ಲಿ ಇರಬೇಕೆಂದು ನಿರ್ಧರಿಸಿಕೊಂಡು ಅಲ್ಲಿಂದ ಹಿಂದಕ್ಕೆ ಬರುವುದು ಕ್ಷೇಮ ಎಂಬುದು ಈ ಲೇಖನದ ನಿಲುವು.

ಯಾವ ಪದವಿ ಯಾರ ಅಂಕೆಯಲ್ಲಿದೆ

ಎಂ.ಎಡ್. ವೃತ್ತಿಪರ ಪದವಿ. 1993ರ ಕಾಯಿದೆಯಡಿ ರಚಿತವಾದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಸಿಟಿಇಯ ಮಾನ್ಯತೆಯಿಲ್ಲದೆ ಯಾವ ಕಾಲೇಜೂ ಈ ತರಗತಿಯನ್ನು ನಡೆಸುವಂತಿಲ್ಲ. ಎಂ.ಎ. ಶಿಕ್ಷಣ ಹಾಗಲ್ಲ, ಅದು ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರದ ಎಂ.ಎ.ಯಂತೆ ವಿಶ್ವವಿದ್ಯಾಲಯವೇ ಕೊಡುವ ಶೈಕ್ಷಣಿಕ ಪದವಿ, ಅದರ ಮೇಲೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ ನಿಯಮಗಳು ಅನ್ವಯಿಸುತ್ತವೆ. ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದಲ್ಲಿ ಎಂ.ಎಡ್. ಮಾಡುವವರು ಮೂರನೆಯದೊಂದು ಸಂಸ್ಥೆಯನ್ನು, ಅಂದರೆ 1992ರ ಕಾಯಿದೆಯ ಭಾರತೀಯ ಪುನರ್ವಸತಿ ಪರಿಷತ್ತನ್ನು ನೋಡಬೇಕಾಗುತ್ತದೆ. ನಮಗೆ ಹತ್ತಿರದಲ್ಲಿ ಇಂಥ ಓದಿಗೆ ಹೆಸರಾದದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಪಿಎಚ್.ಡಿ. ಮತ್ತೆ ಯುಜಿಸಿಯ ಕಡೆಗೆ ಬರುತ್ತದೆ; ಅದಕ್ಕೆ 2022ರ ನವೆಂಬರ್‌ನಲ್ಲಿ ಹೊರಬಂದ ನಿಯಮಾವಳಿ ಆಧಾರ. ಅದೇ ನಿಯಮಾವಳಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು. ಆದ್ದರಿಂದ ‘ಮೊದಲು ಎಂ.ಫಿಲ್., ಆಮೇಲೆ ಪಿಎಚ್.ಡಿ.’ ಎಂದು ಹಿರಿಯ ಸಹೋದ್ಯೋಗಿಗಳು ಹೇಳುವ ಕ್ರಮ ಈಗ ಉಳಿದಿಲ್ಲ.

ಈ ವಿಭಜನೆ ಕಾಗದದ ಮೇಲಿನ ವಿಷಯ ಮಾತ್ರವಲ್ಲ. ದೂರಶಿಕ್ಷಣದಲ್ಲಿ ಓದಬಹುದೇ, ಕೆಲಸದಲ್ಲಿದ್ದುಕೊಂಡೇ ಮಾಡಬಹುದೇ, ಯಾವ ಹುದ್ದೆಗೆ ಅರ್ಜಿ ಹಾಕಬಹುದು ಎಂಬ ಪ್ರಶ್ನೆಗಳ ಉತ್ತರವೆಲ್ಲ ಪದವಿ ಯಾರ ಅಂಕೆಯಲ್ಲಿದೆ ಎಂಬುದರಿಂದಲೇ ಹೊರಡುತ್ತದೆ.

ಎಂ.ಎಡ್. ಮತ್ತು ಅದರ ಜೊತೆಗಿರಬೇಕಾದ ಇನ್ನೊಂದು ಪದವಿ

ಎಂ.ಎಡ್.ನ ಮುಖ್ಯ ಉದ್ದೇಶ ಶಿಕ್ಷಕರನ್ನು ತಯಾರು ಮಾಡುವವರನ್ನು ತಯಾರು ಮಾಡುವುದು. ಮೊದಲು ಒಂದು ವರ್ಷದ್ದಾಗಿದ್ದ ಈ ಪದವಿ, ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ 2015–16ರಿಂದ ಎರಡು ವರ್ಷದ್ದಾಯಿತು. ಬಿ.ಎಡ್.ನಲ್ಲಿ, ಅಥವಾ ನಾಲ್ಕು ವರ್ಷದ ಬಿ.ಎ. ಬಿ.ಎಡ್., ಬಿ.ಎಸ್ಸಿ. ಬಿ.ಎಡ್.ನಂಥ ಸಂಯೋಜಿತ ಪದವಿಯಲ್ಲಿ ಕನಿಷ್ಠ ಶೇ 50 ಅಂಕ ಇರಬೇಕು, ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಎಲ್.ಎಡ್. ಜೊತೆಗೆ ಪದವಿ ಪಡೆದವರಿಗೂ ಎರಡರಲ್ಲೂ ಶೇ 50 ಇದ್ದರೆ ಪ್ರವೇಶವಿದೆ. ಒಂದು ಯೂನಿಟ್ ಎಂದರೆ 50 ವಿದ್ಯಾರ್ಥಿಗಳು. ಶಿಕ್ಷಣದ ತತ್ತ್ವಶಾಸ್ತ್ರ, ಮನೋವಿಜ್ಞಾನ, ಸಮಾಜಶಾಸ್ತ್ರ, ಸಂಶೋಧನಾ ವಿಧಾನಗಳ ಪಾಠದ ಜೊತೆಗೆ ಪ್ರಾಥಮಿಕ ಅಥವಾ ಪ್ರೌಢ ಹಂತದಲ್ಲಿ ವಿಶೇಷ ಅಧ್ಯಯನ, ಬಿ.ಎಡ್. ಕಾಲೇಜು ಅಥವಾ ಡಯಟ್‌ನಂಥ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಸಂಸ್ಥೆಯಲ್ಲಿ ಕ್ಷೇತ್ರಕಾರ್ಯ, ಕೊನೆಗೆ ಒಂದು ಲಘು ಪ್ರಬಂಧ ಇವೆಲ್ಲವೂ ಇದರಲ್ಲಿ ಸೇರಿವೆ.

ಹೆಚ್ಚಿನವರು ಎಡವುವುದು ಅರ್ಹತೆಯ ಇನ್ನರ್ಧವನ್ನು ಓದದೆ ಬಿಡುವುದರಿಂದ. ಆಲೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳೋಣ. ಬಿ.ಎಸ್ಸಿ., ಬಿ.ಎಡ್. ಆಗಿದೆ, ಬಿ.ಎಡ್. ಕಾಲೇಜಿನಲ್ಲಿ ಗಣಿತ ಬೋಧನಾ ವಿಧಾನ ಕಲಿಸುವ ಉಪನ್ಯಾಸಕಿಯಾಗಬೇಕೆಂಬ ಆಸೆಯಿದೆ, ಹಾಗಾಗಿ ಎಂ.ಎಡ್. ಸೇರುತ್ತಾರೆ. ಎನ್‌ಸಿಟಿಇಯ ಬಿ.ಎಡ್. ಮಾನದಂಡವನ್ನು ತೆರೆದು ನೋಡಿದರೆ, ಆ ಹುದ್ದೆಗೆ ಎಂ.ಎಡ್.ನಲ್ಲಿ ಶೇ 55 ಅಂಕಗಳಲ್ಲದೆ ಸಂಬಂಧಪಟ್ಟ ವಿಷಯದ ಸ್ನಾತಕೋತ್ತರ ಪದವಿಯಲ್ಲೂ, ಅಂದರೆ ಇವರ ಮಟ್ಟಿಗೆ ಗಣಿತದ ಎಂ.ಎಸ್ಸಿ.ಯಲ್ಲೂ, ಶೇ 55 ಅಂಕ ಕೇಳಿದ್ದಾರೆ. ಎಂ.ಎಸ್ಸಿ. ಇಲ್ಲದ ಈ ಶಿಕ್ಷಕಿಗೆ ಎಂ.ಎಡ್. ಪ್ರಮಾಣಪತ್ರ ಒಂದೇ ಸಾಕಾಗುವುದಿಲ್ಲ. ಇವರು ಮೊದಲು ಎಂ.ಎಸ್ಸಿ. ಮಾಡಬೇಕಿತ್ತೇ, ಎಂ.ಎಡ್. ಮಾಡಬೇಕಿತ್ತೇ ಎಂದರೆ, ನನ್ನ ಅಭಿಪ್ರಾಯದಲ್ಲಿ ಎಂ.ಎಸ್ಸಿ.ಯೇ ಮೊದಲು, ಏಕೆಂದರೆ ಬಿ.ಎಡ್. ಜೊತೆಗಿನ ಎಂ.ಎಸ್ಸಿ.ಯಿಂದ ಪದವಿಪೂರ್ವ ಕಾಲೇಜಿನ ಬಾಗಿಲೂ ತೆರೆಯುತ್ತದೆ, ಎಂ.ಎಡ್. ಒಂದರಿಂದ ಆ ಬಾಗಿಲು ತೆರೆಯುವುದಿಲ್ಲ.

ಇದೇ ಮಾನದಂಡದಲ್ಲಿ ಇನ್ನೊಂದು ದಾರಿಯೂ ಇದೆ. ಶಿಕ್ಷಣದ ತಾತ್ತ್ವಿಕ, ಸಾಮಾಜಿಕ ಹಿನ್ನೆಲೆಯ ವಿಷಯಗಳನ್ನು ಕಲಿಸುವ ಹುದ್ದೆಗೆ, ಸಮಾಜ ವಿಜ್ಞಾನದ ಸ್ನಾತಕೋತ್ತರ ಪದವಿ ಮತ್ತು ಎಂ.ಎಡ್. ಎರಡೂ ಶೇ 55ರೊಂದಿಗೆ ಇದ್ದರೆ ಆಗುತ್ತದೆ; ಅಥವಾ ಎಂ.ಎ. ಶಿಕ್ಷಣ ಮತ್ತು ಬಿ.ಎಡ್. ಎರಡೂ ಶೇ 55ರೊಂದಿಗೆ ಇದ್ದರೂ ಆಗುತ್ತದೆ. ಎಂ.ಎಡ್. ತರಗತಿಗೇ ಪಾಠ ಮಾಡುವ ಸಹಾಯಕ ಪ್ರಾಧ್ಯಾಪಕರಾಗಬೇಕಾದರೆ ವಿಷಯದ ಸ್ನಾತಕೋತ್ತರ ಪದವಿ, ಶಿಕ್ಷಣದ ಸ್ನಾತಕೋತ್ತರ ಪದವಿ ಎರಡರ ಮೇಲೆ ನೆಟ್ (ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಪಿಎಚ್.ಡಿ.ಯೂ ಬೇಕು. ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ ಹುದ್ದೆಗಳಿಗೆ ಶಿಕ್ಷಣದಲ್ಲಿ ಅಥವಾ ಸಂಬಂಧಪಟ್ಟ ವಿಷಯದಲ್ಲಿ ಪಿಎಚ್.ಡಿ. ಆಗಿರಬೇಕು. ಅಂಕಗಳಲ್ಲಿ ಮೀಸಲು ವರ್ಗದವರಿಗೆ ನಿಯಮದಂತೆ ಸಡಿಲಿಕೆ ದೊರೆಯುತ್ತದೆಯಾದರೂ, ಶೇ 54.6 ಅಂಕ ಬಂದ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಯಾರೂ ಅದನ್ನು ಶೇ 55 ಎಂದು ದುಂಡಗೆ ಮಾಡಿಕೊಡುವುದಿಲ್ಲ. ಹಳೆಯ ಅಂಕಪಟ್ಟಿಗಳನ್ನು ಹೊರತೆಗೆದು ಶೇಕಡಾವಾರು ಲೆಕ್ಕ ಹಾಕಿ ನೋಡುವುದು ಅರ್ಜಿ ತುಂಬುವುದಕ್ಕಿಂತ ಮೊದಲಿನ ಕೆಲಸ.

ವಿಷಯದ ಎಂ.ಎ. ಇಲ್ಲದವರು ಅದನ್ನು ಎಂ.ಎಡ್. ಜೊತೆಜೊತೆಗೇ ಮುಗಿಸಬಹುದೇ ಎಂದು ಕೇಳುವುದುಂಟು. ಒಂದೇ ಅವಧಿಯಲ್ಲಿ ಎರಡು ಪದವಿಗಳನ್ನು ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿ ಅವಕಾಶ ಕೊಟ್ಟಿದೆ. ಎರಡೂ ನೇರ ತರಗತಿಯದ್ದಾದರೆ ವೇಳೆ ಒಂದರ ಮೇಲೊಂದು ಬೀಳಬಾರದು, ಅಥವಾ ಒಂದು ನೇರ ತರಗತಿಯದ್ದೂ ಇನ್ನೊಂದು ದೂರಶಿಕ್ಷಣದ್ದೂ ಆಗಿರಬಹುದು. ಪಿಎಚ್.ಡಿ.ಗೆ ಈ ಅವಕಾಶವಿಲ್ಲ. ಎಂ.ಎಡ್.ನಂಥ ವೃತ್ತಿಪರ ಪದವಿಗೆ ಅದರ ಪರಿಷತ್ತಿನ ನಿಯಮವೂ, ಆಯಾ ವಿಶ್ವವಿದ್ಯಾಲಯದ ತೀರ್ಮಾನವೂ ಅನ್ವಯಿಸುವುದರಿಂದ, ಕುಲಸಚಿವರ ಕಚೇರಿಯಿಂದ ಲಿಖಿತ ಉತ್ತರ ಪಡೆಯದೆ ಎರಡೂ ಕಡೆ ಶುಲ್ಕ ಕಟ್ಟುವುದು ಬೇಡ. ಬಾಯಿಮಾತಿನ ‘ಆಗುತ್ತೆ ಬಿಡಿ’ ದಾಖಲೆ ಪರಿಶೀಲನೆಯ ದಿನ ನೆರವಿಗೆ ಬರುವುದಿಲ್ಲ.

ಹಾಜರಾತಿ, ದೂರ, ಕೆಲಸ

ಎಂ.ಎಡ್.ಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, ವಾರಕ್ಕೆ ಕನಿಷ್ಠ 36 ಗಂಟೆ, ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ 80 ಹಾಜರಾತಿ, ಕ್ಷೇತ್ರಕಾರ್ಯಕ್ಕೆ ಶೇ 90 ಹಾಜರಾತಿ ಎಂದು 2014ರ ಮಾನದಂಡ ಹೇಳುತ್ತದೆ. ಇದರ ಅರ್ಥ ಸರಳ: ಇದು ಪೂರ್ಣಾವಧಿಯ ಓದು. ಸೇರಿದ ದಿನದಿಂದ ಗರಿಷ್ಠ ಮೂರು ವರ್ಷದೊಳಗೆ ಮುಗಿಸಬೇಕು. ಆದರೂ ‘ಹಾಜರಾತಿ ಚಿಂತೆ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎಂಬ ಆಶ್ವಾಸನೆಯೊಂದಿಗೆ ಸೀಟು ತುಂಬುವ ವ್ಯವಹಾರ ಎಲ್ಲರಿಗೂ ಗೊತ್ತಿರುವಂಥದ್ದೇ. ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ, ಅದೇ ದಿನ ನೂರಾರು ಕಿಲೋಮೀಟರ್ ಆಚೆಯ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಸಹಿ ಎಂದಾದರೆ, ಮುಂದೊಂದು ದಿನ ಸೇವಾ ಪ್ರಮಾಣಪತ್ರವನ್ನೂ ಎಂ.ಎಡ್. ಅಂಕಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಅಧಿಕಾರಿಗೆ ಆ ಎರಡರಲ್ಲಿ ಒಂದು ಸುಳ್ಳೆಂಬುದು ತಿಳಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸೇವೆಯನ್ನೂ ಪದವಿಯನ್ನೂ ಒಟ್ಟಿಗೆ ಪಣಕ್ಕಿಡುವ ಈ ದಾರಿ ಸೋವಿಯೆಂದು ತೋರಬಹುದು, ಸೋವಿಯಲ್ಲ.

ನಮ್ಮ ಎರಡು ಜಿಲ್ಲೆಗಳ ಭೂಗೋಳ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಚಿಕ್ಕಮಗಳೂರು ಜಿಲ್ಲೆಯು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ್ದು, ಅದರ ಆವರಣ ಭದ್ರಾವತಿ ಬಳಿಯ ಶಂಕರಘಟ್ಟದಲ್ಲಿದೆ. ಹಾಸನ ಬಹುಕಾಲ 1916ರ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದು, ಹೇಮಗಂಗೋತ್ರಿಯ ಸ್ನಾತಕೋತ್ತರ ಕೇಂದ್ರವು ಇತ್ತೀಚಿನ ವರ್ಷಗಳಲ್ಲಿ ಹಾಸನ ವಿಶ್ವವಿದ್ಯಾಲಯವಾಗಿ ರೂಪುಗೊಂಡಿತು. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸುವುದೇ ವಿಲೀನಗೊಳಿಸುವುದೇ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆದಿದ್ದರಿಂದ, ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ ಎಂಬುದನ್ನು ಪ್ರವೇಶದ ವೇಳೆಗೇ ಕೇಳಿಕೊಳ್ಳುವುದು ಒಳ್ಳೆಯದು. ಶಿಕ್ಷಣ ವಿಭಾಗಗಳ ಮಟ್ಟಿಗೆ ಹಾಸನದವರು ಸಹಜವಾಗಿ ನೋಡುವುದು ಮಾನಸಗಂಗೋತ್ರಿಯ ಕಡೆಗೆ. ಮೈಸೂರಿನಲ್ಲಿಯೇ 1963ರಲ್ಲಿ ಆರಂಭವಾದ, ಎನ್‌ಸಿಇಆರ್‌ಟಿಯ ಘಟಕವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇದೆ, ಎಂ.ಎಡ್. ಓದಲು ರಾಜ್ಯದಲ್ಲಿ ಸಿಗುವ ಗಟ್ಟಿ ಜಾಗಗಳಲ್ಲಿ ಅದೊಂದು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಅದರ ಆವರಣದಲ್ಲೇ ಇರುವ ಪ್ರಾಯೋಗಿಕ ಶಾಲೆಯಿಂದಾಗಿ, ಓದಿದ ಸಿದ್ಧಾಂತವನ್ನು ತರಗತಿಯಲ್ಲಿ ಪರೀಕ್ಷಿಸಿ ನೋಡಲು ಬಸ್ಸು ಹತ್ತಬೇಕಾಗಿಲ್ಲ.

ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಹೋಗುವ ರೈಲಿನಲ್ಲಿ ದಿನಾ ಹಾಸನದಿಂದ ಮೈಸೂರಿಗೆ ಓಡಾಡಿ ಎಂ.ಎಡ್. ಮುಗಿಸುತ್ತೇನೆ ಎನ್ನುವವರು ಒಮ್ಮೆ ವಾರದ 36 ಗಂಟೆಯ ಜೊತೆ ಪ್ರಯಾಣದ ಗಂಟೆಗಳನ್ನೂ ಕೂಡಿಸಿ ನೋಡಬೇಕು. ಮೂಡಿಗೆರೆ, ಶೃಂಗೇರಿ, ಕೊಪ್ಪದವರಿಗೆ ಶಂಕರಘಟ್ಟವೂ ದಿನದ ಓಡಾಟದ ದೂರವಲ್ಲ, ಮಳೆಗಾಲದಲ್ಲಂತೂ ಅಲ್ಲವೇ ಅಲ್ಲ. ಹಾಸ್ಟೆಲ್ ಸೌಲಭ್ಯ, ಅದರಲ್ಲೂ ಮಹಿಳೆಯರಿಗೆ ಸೀಟು ಖಚಿತವೇ ಎಂಬುದು, ಪಠ್ಯಕ್ರಮದಷ್ಟೇ ತೂಕದ ಪ್ರಶ್ನೆ.

ಕೆಲಸ ಬಿಡಲಾಗದವರಿಗೆ ದೂರಶಿಕ್ಷಣ ನೆನಪಾಗುವುದು ಸಹಜ. ಎನ್‌ಸಿಟಿಇಯ 2014ರ ನಿಯಮಾವಳಿ ದೂರಶಿಕ್ಷಣದ ಮಾನದಂಡಗಳನ್ನು ರೂಪಿಸಿರುವುದು ಡಿ.ಎಲ್.ಎಡ್. ಮತ್ತು ಬಿ.ಎಡ್.ಗೆ ಮಾತ್ರ, ಎಂ.ಎಡ್.ಗೆ ಅಲ್ಲ. ಹಾಗಾಗಿ ‘ದೂರಶಿಕ್ಷಣದಲ್ಲಿ ಎಂ.ಎಡ್.’ ಎಂಬ ಜಾಹೀರಾತು ಕಂಡರೆ, ಅದನ್ನು ಕೊಡುತ್ತಿರುವವರಲ್ಲಿ ಆ ಕೋರ್ಸಿಗೆ, ಆ ವರ್ಷಕ್ಕೆ ಸಿಕ್ಕ ಮಾನ್ಯತೆಯ ಆದೇಶ ಕೇಳಬೇಕು. ದೂರಶಿಕ್ಷಣದಲ್ಲಿ ನ್ಯಾಯವಾಗಿ ದೊರೆಯುವುದು ಎಂ.ಎ. ಶಿಕ್ಷಣ, ಇಗ್ನೋ ಇದನ್ನು ಬಹುಕಾಲದಿಂದ ನಡೆಸುತ್ತಿದೆ. ಇಲ್ಲಿಯೂ ವರ್ಷ ಮುಖ್ಯ. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013–14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇಲ್ಲದೆ, 2018ರಲ್ಲಿ ಮತ್ತೆ ದೊರೆತ ಪ್ರಸಂಗ ರಾಜ್ಯದ ಎಷ್ಟೋ ವಿದ್ಯಾರ್ಥಿಗಳಿಗೆ ನೆನಪಿದೆ. ಸಂಸ್ಥೆಯ ಹೆಸರು ದೊಡ್ಡದಿದ್ದರೂ ಯುಜಿಸಿಯ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ಆ ಕೋರ್ಸ್ ಆ ವರ್ಷ ಇದೆಯೇ ಎಂದು ನೋಡುವುದನ್ನು ತಪ್ಪಿಸಬಾರದು.

ಎಂ.ಎ. ಶಿಕ್ಷಣ ಯಾರಿಗೆ

ಶಿಕ್ಷಕರ ಕಾಲೇಜಿನಲ್ಲಿ ಪಾಠ ಮಾಡುವ ಉದ್ದೇಶವಿಲ್ಲದೆ, ಪಠ್ಯಕ್ರಮ ರಚನೆ, ಶಿಕ್ಷಣ ನೀತಿ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರಕಾರ್ಯ, ಮೌಲ್ಯಮಾಪನ ಮುಂತಾದವುಗಳಲ್ಲಿ ಆಸಕ್ತಿ ಇರುವವರಿಗೆ ಎಂ.ಎ. ಶಿಕ್ಷಣ ಹೆಚ್ಚು ಹೊಂದುತ್ತದೆ. ಸಾಮಾನ್ಯವಾಗಿ ಇದಕ್ಕೆ ಬಿ.ಎಡ್. ಕಡ್ಡಾಯವಿಲ್ಲ, ಯಾವುದೇ ಪದವಿಯವರು ಸೇರಬಹುದು. ರಾಜ್ಯ ಶಾಸಕಾಂಗದ ಕಾಯಿದೆಯಿಂದ 2010ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎರಡು ವರ್ಷದ ಎಂ.ಎ. ಶಿಕ್ಷಣ ನಮ್ಮ ಭಾಗದವರಿಗೆ ಹೆಚ್ಚು ಪರಿಚಿತವಾದದ್ದು. ಕುಟುಂಬದ ಆದಾಯ ನೋಡಿ ಶುಲ್ಕ, ವಸತಿಗೆ ನೆರವು ಕೊಡುವ ವ್ಯವಸ್ಥೆ ಅಲ್ಲಿದೆ. ಇಂಥ ಕಡೆ ಓದು ಬಹುಪಾಲು ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಶಿಕ್ಷಕರು ಇದಕ್ಕೆ ಹೆದರಿ ಹಿಂದೆ ಸರಿಯುವುದನ್ನು ನೋಡಿದಾಗ ಬೇಸರವಾಗುತ್ತದೆ, ಏಕೆಂದರೆ ತರಗತಿಯ ಅನುಭವವಿಲ್ಲದೆ ಇಂಗ್ಲಿಷ್ ಸರಾಗವಾಗಿ ಬರುವ ಸಹಪಾಠಿಗಿಂತ ಇವರು ಆ ಓದಿಗೆ ತರುವ ಸಾಮಗ್ರಿ ಹೆಚ್ಚಿನದು. ಆದರೂ ಮೊದಲ ಸೆಮಿಸ್ಟರ್ ಕಷ್ಟವಾಗುತ್ತದೆ ಎಂದು ತಿಳಿದೇ ಹೋಗುವುದು ಮೇಲು.

ಎಂ.ಎ. ಶಿಕ್ಷಣ ಮಾಡಿದವರಿಗೆ ಸರ್ಕಾರಿ ಶಾಲೆಯ ಬೋಧಕ ಹುದ್ದೆಗೆ ಅದರಿಂದಲೇ ಅರ್ಹತೆ ಬರುವುದಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕು. ಶಾಲಾ ಶಿಕ್ಷಕರಾಗಲು ಬಿ.ಎಡ್. ಅಥವಾ ಡಿ.ಎಲ್.ಎಡ್.ನಂಥ ತರಬೇತಿ ಪದವಿಯೇ ಬೇಕು. ಬಿ.ಎಡ್. ಇಲ್ಲದೆ ನೇರವಾಗಿ ಎಂ.ಎ. ಶಿಕ್ಷಣಕ್ಕೆ ಹೋಗಿ, ಮುಂದೆ ಸರ್ಕಾರಿ ನೇಮಕಾತಿಗೆ ಬರುವವರು ಇದನ್ನು ಅರಿತಿರಬೇಕು. ಆಡಳಿತದ ಕಡೆಗೆ ಮನಸ್ಸಿರುವವರಿಗೆ ದೆಹಲಿಯ ನೀಪಾ, ಅಂದರೆ ಶೈಕ್ಷಣಿಕ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ ಇದೆ. ಕ್ಷೇತ್ರ ಶಿಕ್ಷಣಾಧಿಕಾರಿ, ಡಯಟ್ ಉಪನ್ಯಾಸಕ ಮುಂತಾದ ಹುದ್ದೆಗಳ ಅರ್ಹತೆಯನ್ನು ಮಾತ್ರ ಆಯಾ ಅಧಿಸೂಚನೆಯಲ್ಲಿಯೇ ಓದಬೇಕು, ಕೋಚಿಂಗ್ ಸೆಂಟರಿನ ಕರಪತ್ರದಲ್ಲಲ್ಲ.

ಪಿಎಚ್.ಡಿ.: ವಿಶ್ವವಿದ್ಯಾಲಯಕ್ಕಿಂತ ಮೊದಲು ಮಾರ್ಗದರ್ಶಕರು

2022ರ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ 55, ಅಥವಾ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಇರುವವರು ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರವಲ್ಲದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5ರ ಸಡಿಲಿಕೆಯಿದೆ. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ; ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಇನ್ನೆರಡು ವರ್ಷ ಹೆಚ್ಚು ದೊರೆಯಬಹುದು. ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್ ಮುಗಿಸಬೇಕು. ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ, ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಪಿಎಚ್.ಡಿ. ಮಾಡಲು ಅವಕಾಶವಿಲ್ಲ.

ಪ್ರವೇಶಕ್ಕೆ 2024ರ ಜೂನ್ ಸುತ್ತಿನಿಂದ ಯುಜಿಸಿ ನೆಟ್ ಅಂಕಗಳನ್ನು ಬಳಸುವ ಕ್ರಮ ಬಂದಿದೆ. ಅಭ್ಯರ್ಥಿಗಳನ್ನು ಮೂರು ವರ್ಗ ಮಾಡುತ್ತಾರೆ: ಫೆಲೋಶಿಪ್ ಸಹಿತ ಅರ್ಹರು, ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ.ಗೂ ಅರ್ಹರು, ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರು. ಕೊನೆಯ ಎರಡು ವರ್ಗಗಳಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ; ಆ ಅಂಕ ಪಿಎಚ್.ಡಿ. ಪ್ರವೇಶಕ್ಕೆ ಒಂದು ವರ್ಷ ಮಾತ್ರ ಊರ್ಜಿತ. ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆಯಾದರೆ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಅರ್ಧ ವಿಷಯದ ಮೇಲೆ ಇರಬೇಕೆಂದು ನಿಯಮವಿದೆ. ನೆಟ್‌ನ ಶಿಕ್ಷಣ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುವುದು ನಮ್ಮ ಅಭ್ಯರ್ಥಿಗಳಿಗೆ ತೊಡಕು. ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ನೆಟ್ ಮೂಲಕ ದೊರೆಯುವ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಕ್ಕವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ದೊರೆಯುತ್ತದೆ. ಆದರೆ ಅದಕ್ಕೆ ಸಾಮಾನ್ಯ ವರ್ಗದವರಿಗೆ ವಯೋಮಿತಿ 30, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಐದು ವರ್ಷದ ಸಡಿಲಿಕೆ, ಮತ್ತು ಓದು ಪೂರ್ಣಾವಧಿಯದ್ದಾಗಿರಬೇಕು. ಹತ್ತು ಹನ್ನೆರಡು ವರ್ಷ ಪಾಠ ಮಾಡಿ ಸಂಶೋಧನೆಗೆ ಬರುವ ಶಿಕ್ಷಕರಲ್ಲಿ ಹೆಚ್ಚಿನವರಿಗೆ ಆ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ ಎಂಬುದು ಈ ವ್ಯವಸ್ಥೆಯ ವಿಚಿತ್ರ. ಶಿಕ್ಷಣ ಕ್ಷೇತ್ರದಲ್ಲಿ ಅನುಭವವೇ ಸಂಶೋಧನೆಯ ಬಂಡವಾಳವೆಂದು ಎಲ್ಲರೂ ಒಪ್ಪುತ್ತಾರೆ. ಹಣ ಕೊಡುವಾಗ ಮಾತ್ರ ಎಳೆಯರನ್ನೇ ನೋಡುತ್ತಾರೆ.

ಸೀಟುಗಳ ಸಂಖ್ಯೆ ವಿಭಾಗದ ಗಾತ್ರದಿಂದಲ್ಲ, ಮಾರ್ಗದರ್ಶಕರಿಂದ ನಿರ್ಧಾರವಾಗುತ್ತದೆ. ಒಬ್ಬ ಪ್ರಾಧ್ಯಾಪಕರು ಏಕಕಾಲದಲ್ಲಿ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಮೂವರು ಬೋಧಕರ ವಿಭಾಗದಲ್ಲಿ ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದು, ಇನ್ನೊಬ್ಬರ ಬಳಿ ಜಾಗ ಭರ್ತಿಯಾಗಿದ್ದರೆ, ಅಧಿಸೂಚನೆಯಲ್ಲಿ ಶಿಕ್ಷಣ ವಿಷಯದ ಹೆಸರಿದ್ದರೂ ನಿಜವಾಗಿ ಖಾಲಿ ಇರುವುದು ಮೂರನೆಯವರ ಬಳಿಯ ಒಂದೆರಡು ಸ್ಥಾನ. ಅದರಲ್ಲೂ ಮೀಸಲಾತಿ ಹಂಚಿಕೆ ಇರುತ್ತದೆ.

ಮಾರ್ಗದರ್ಶಕರನ್ನು ತಿಳಿಯಲು ಶಿಫಾರಸು, ಪರಿಚಯಗಳಿಗಿಂತ ಉತ್ತಮವಾದ ಸಾಧನ ಶೋಧಗಂಗಾ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ಇನ್‌ಫ್ಲಿಬ್‌ನೆಟ್ ಕೇಂದ್ರವು ಅಲ್ಲಿ ಉಚಿತವಾಗಿ ಓದಲು ಇಟ್ಟಿದೆ. ವಿಶ್ವವಿದ್ಯಾಲಯ, ಆಮೇಲೆ ಶಿಕ್ಷಣ ವಿಭಾಗ, ಆಮೇಲೆ ಮಾರ್ಗದರ್ಶಕರ ಹೆಸರು ಎಂದು ಹುಡುಕಿದರೆ ಅವರ ಕೈಕೆಳಗೆ ಮುಗಿದ ಪ್ರಬಂಧಗಳು ಕಾಣಸಿಗುತ್ತವೆ. ಮೊದಲು ಶೀರ್ಷಿಕೆಗಳನ್ನು ಓದಬೇಕು. ‘ಇಂಥ ಜಿಲ್ಲೆಯ ಪ್ರೌಢಶಾಲಾ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಗೂ ಸ್ವಪರಿಕಲ್ಪನೆಗೂ ಇರುವ ಸಂಬಂಧ’ ಎಂಬ ಅಚ್ಚಿನಲ್ಲಿ ಜಿಲ್ಲೆಯ ಹೆಸರು ಮತ್ತು ಎರಡನೆಯ ಚರಾಂಶ ಮಾತ್ರ ಬದಲಾಗುತ್ತಾ ಐದಾರು ಪ್ರಬಂಧಗಳು ಬಂದಿದ್ದರೆ, ಅಲ್ಲಿ ಸೇರಿದವರಿಗೂ ಅದೇ ಅಚ್ಚು ಕಾದಿದೆ ಎಂದು ತಿಳಿಯಬಹುದು. ಆಮೇಲೆ ಒಂದು ಪ್ರಬಂಧ ತೆರೆದು ಪ್ರಶ್ನಾವಳಿಯ ಅಧ್ಯಾಯ ನೋಡಬೇಕು: ಬೇರೆ ರಾಜ್ಯದಲ್ಲಿ, ಬೇರೆ ಭಾಷೆಯಲ್ಲಿ ಸಿದ್ಧವಾದ ಮಾಪನಿಯನ್ನು ಕನ್ನಡಕ್ಕೆ ತಂದು ನಮ್ಮ ಮಕ್ಕಳ ಮೇಲೆ ಪರೀಕ್ಷಿಸಿ ಸರಿಪಡಿಸಿದ್ದಾರೆಯೇ, ಹಾಗೆಯೇ ಹಂಚಿದ್ದಾರೆಯೇ? ಕೊನೆಗೆ ನೋಂದಣಿಯಾದ ವರ್ಷ ಮತ್ತು ಪದವಿ ದೊರೆತ ವರ್ಷದ ಅಂತರ. ಮೂರ್ನಾಲ್ಕು ಪ್ರಬಂಧಗಳಲ್ಲಿ ಈ ಅಂತರ ಒಂದೇ ರೀತಿ ಉದ್ದವಾಗಿದ್ದರೆ ಕಾರಣ ವಿದ್ಯಾರ್ಥಿಗಳಲ್ಲಿ ಮಾತ್ರ ಇರಲಾರದು. ಒಂದು ಭಾನುವಾರದ ಮಧ್ಯಾಹ್ನ ಈ ಕೆಲಸಕ್ಕೆ ಸಾಕು. ಇದನ್ನು ಮಾಡದೆ ಆರು ವರ್ಷವನ್ನು ಒಬ್ಬರ ಕೈಗೆ ಒಪ್ಪಿಸುವುದು ನನಗಂತೂ ಅರ್ಥವಾಗುವುದಿಲ್ಲ.

ಸಂಶೋಧನೆಯ ಪ್ರಶ್ನೆ ಎಲ್ಲಿಂದ ಬರಬೇಕು ಎಂಬುದಕ್ಕೆ ನಮ್ಮ ಊರುಗಳೇ ಉತ್ತರ ಕೊಡುತ್ತವೆ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದ ಲೈನುಗಳಲ್ಲಿ ಇಂದು ಅಸ್ಸಾಂ ಮುಂತಾದ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳಿದ್ದಾರೆ. ಮನೆಯಲ್ಲಿ ಒಂದು ಭಾಷೆ, ತೋಟದಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ. ಕೊಯ್ಲು ಮುಗಿದರೆ ಕುಟುಂಬ ಮತ್ತೊಂದು ಕಡೆ. ಇಂಥ ಮಗು ಓದು ಕಲಿಯುವ ಬಗೆ ಹೇಗೆ ಎಂಬುದು ಪಿಎಚ್.ಡಿ.ಗೆ ತಕ್ಕ ಪ್ರಶ್ನೆ. ಹಾಗೆಯೇ, 1990ರ ದಶಕದ ನಡುವೆ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ, ಮಕ್ಕಳು ಗುಂಪುಗಳಲ್ಲಿ ಕೂತು ಪರಸ್ಪರ ಕಲಿಯುವುದನ್ನು ನೆಚ್ಚಿದ ವಿಧಾನ. ಮಲೆನಾಡಿನ ಏಕೋಪಾಧ್ಯಾಯ ಶಾಲೆಯಲ್ಲಿ ಮೂರು ತರಗತಿ ಸೇರಿ ಐದೇ ಮಕ್ಕಳಿದ್ದಾಗ ಆ ಗುಂಪುಗಳು ಏನಾಗುತ್ತವೆ? ಇಂಥ ಪ್ರಶ್ನೆಗೆ ಇನ್ನೂರು ಪ್ರಶ್ನಾವಳಿ ಹಂಚಿ ಸಹಸಂಬಂಧ ಗುಣಾಂಕ ತೆಗೆದರೆ ಉತ್ತರ ಬರುವುದಿಲ್ಲ, ತರಗತಿಯಲ್ಲಿ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. ಆ ವಿಧಾನದಲ್ಲಿ ಪಳಗಿದ ಮಾರ್ಗದರ್ಶಕರು ಬೇಕು. ಕನ್ನಡದಲ್ಲಿ ಪ್ರಬಂಧ ಬರೆಯಲು ಅವಕಾಶವಿದೆಯೇ ಎಂಬುದನ್ನೂ ಆಗಲೇ ಕೇಳಬೇಕು.

ಅಮೆರಿಕದಲ್ಲಿ ಆಡಳಿತಗಾರರಿಗಾಗಿ ಪಿಎಚ್.ಡಿ.ಯಿಂದ ಬೇರೆಯಾದ ಎಡ್.ಡಿ. ಎಂಬ ಪದವಿಯಿದೆ, 1920ರಲ್ಲಿ ಆರಂಭವಾದ ಹಾರ್ವರ್ಡ್‌ನ ಶಿಕ್ಷಣ ಶಾಲೆ ಅದನ್ನು ಮೊದಲು ಕೊಟ್ಟಿತು. ನಮ್ಮ ನೇಮಕಾತಿ ನಿಯಮಗಳು ಕೇಳುವುದು ಪಿಎಚ್.ಡಿ.ಯನ್ನು. ಆನ್‌ಲೈನ್ ವಿದೇಶಿ ಡಾಕ್ಟರೇಟ್ ಎಂದು ಮಾರುವವರಿಗೆ ಇಷ್ಟು ಉತ್ತರ ಸಾಕು.

ಮಾನ್ಯತೆ, ಮತ್ತು ಬದಲಾಗುತ್ತಿರುವ ನಿಯಮ

ಎನ್‌ಸಿಟಿಇ ಮಾನ್ಯತೆ ಒಮ್ಮೆ ದೊರೆತರೆ ಶಾಶ್ವತವಲ್ಲ. ಕಾಯಿದೆಯ 17ನೇ ಕಲಂ ಪ್ರಕಾರ ಷರತ್ತು ಮುರಿದ ಸಂಸ್ಥೆಯ ಮಾನ್ಯತೆಯನ್ನು ಹಿಂದಕ್ಕೆ ಪಡೆಯಬಹುದು. ಹಿಂಪಡೆದ ಮೇಲೂ ಕೋರ್ಸ್ ಮುಂದುವರಿಸಿದರೆ ಆಗ ದೊರೆತ ಪದವಿ ಸರ್ಕಾರಿ ನೌಕರಿಗೆ ಊರ್ಜಿತವಾಗುವುದಿಲ್ಲ. ಆದ್ದರಿಂದ ಗೋಡೆಗೆ ತೂಗುಹಾಕಿದ ಹತ್ತು ವರ್ಷ ಹಿಂದಿನ ಆದೇಶದ ಪ್ರತಿಯನ್ನು ನೋಡಿ ಸಮಾಧಾನಪಡದೆ, ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು ಮತ್ತು ಪ್ರವೇಶ ಸಂಖ್ಯೆ ಮೂರನ್ನೂ ಹೊಂದಿಸಿ ನೋಡಬೇಕು. ಬಿ.ಎಡ್.ಗೆ ಮಾನ್ಯತೆ ಇರುವ ಕಾಲೇಜಿಗೆ ಎಂ.ಎಡ್.ಗೂ ಇದ್ದೇ ಇರುತ್ತದೆ ಎಂದು ಭಾವಿಸುವುದು ಸಾಮಾನ್ಯ ತಪ್ಪು. 50 ವಿದ್ಯಾರ್ಥಿಗಳ ಎಂ.ಎಡ್.ಗೆ 10 ಮಂದಿ ಪೂರ್ಣಾವಧಿ ಬೋಧಕರು ಬೇಕೆಂಬ ಮಾನದಂಡವೂ ಇದೆ. ಜಾಲತಾಣದಲ್ಲಿ ಹತ್ತು ಹೆಸರು ಇರುತ್ತವೆ. ಒಂದು ಸಾಧಾರಣ ಮಂಗಳವಾರ ಕಾಲೇಜಿಗೆ ಹೋಗಿ ಅವರಲ್ಲಿ ಎಷ್ಟು ಮಂದಿ ಕಾಣುತ್ತಾರೆಂದು ನೋಡಿ ಬರುವುದು ಅತಿಯಾದ ಅನುಮಾನವೇನಲ್ಲ.

2025ರಲ್ಲಿ ಎನ್‌ಸಿಟಿಇ ಹೊರತಂದ ಕರಡು ನಿಯಮಾವಳಿಯಲ್ಲಿ ಒಂದು ವರ್ಷದ ಪೂರ್ಣಾವಧಿ ಎಂ.ಎಡ್. ಮತ್ತು ಕೆಲಸದಲ್ಲಿರುವವರಿಗೆ ಎರಡು ವರ್ಷದ ಅರೆಕಾಲಿಕ ಎಂ.ಎಡ್. ಪ್ರಸ್ತಾಪವಾಗಿವೆ. ಹಾಸನ, ಚಿಕ್ಕಮಗಳೂರಿನ ಸೇವಾನಿರತ ಶಿಕ್ಷಕರಿಗೆ ಎರಡನೆಯದು ಬಹಳ ಅನುಕೂಲವಾದೀತು. ಆದರೆ ಕರಡನ್ನು ನಂಬಿ ಈಗಲೇ ಶುಲ್ಕ ಕೇಳುವವರಿಂದ ದೂರವಿರಬೇಕು. ಆತುರವಿಲ್ಲದವರು ಈ ಅವಧಿಯಲ್ಲಿ ವಿಷಯದ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿಕೊಳ್ಳುವುದು ಜಾಣತನ, ಏಕೆಂದರೆ ಎಂ.ಎಡ್.ನ ಅವಧಿ ಏನೇ ಆದರೂ ವಿಷಯದ ಸ್ನಾತಕೋತ್ತರ ಪದವಿ ವ್ಯರ್ಥವಾಗುವುದಿಲ್ಲ. ನಿವೃತ್ತಿಗೆ ದೂರವಿರುವ, ವಿಷಯದ ಪದವಿ ಈಗಾಗಲೇ ಕೈಯಲ್ಲಿರುವ, ರಜೆ ಮಂಜೂರಾಗಬಲ್ಲ ಶಿಕ್ಷಕರು ಕಾಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಸೇವೆಯಲ್ಲಿರುವವರು ಅನುಮತಿಯ ಕಡತವನ್ನು ಅಧಿಸೂಚನೆಗೆ ಕಾಯದೆ ಮೊದಲೇ ಆರಂಭಿಸಬೇಕು. ಮುಖ್ಯೋಪಾಧ್ಯಾಯರಿಂದ ಕ್ಷೇತ್ರ ಶಿಕ್ಷಣಾಧಿಕಾರಿ, ಅಲ್ಲಿಂದ ಉಪನಿರ್ದೇಶಕರ ಕಚೇರಿ ಎಂದು ನಿರಾಕ್ಷೇಪಣಾ ಪತ್ರ ಸಾಗುವ ವೇಗಕ್ಕೂ ವಿಶ್ವವಿದ್ಯಾಲಯ ಅರ್ಜಿಗೆ ಕೊಡುವ ಅವಧಿಗೂ ಹೊಂದಿಕೆಯಾಗುವುದು ಕಡಿಮೆ. ಆ ಅವಧಿಯಲ್ಲೇ, ಪಿಎಚ್.ಡಿ. ಬಯಸುವವರು ತಮ್ಮ ಪ್ರಶ್ನೆ ಏನು, ಯಾವ ಶಾಲೆಗಳಲ್ಲಿ ನೋಡುತ್ತೇನೆ, ಹೇಗೆ ನೋಡುತ್ತೇನೆ ಎಂಬುದನ್ನು ಎರಡು ಪುಟದಲ್ಲಿ ಬರೆದು, ತಾವು ಓದಿದ ಅವರ ವಿದ್ಯಾರ್ಥಿಯ ಪ್ರಬಂಧವೊಂದನ್ನು ಹೆಸರಿಸಿ, ಮಾರ್ಗದರ್ಶಕರಿಗೆ ಮಿಂಚಂಚೆ ಕಳಿಸಬಹುದು. ಬರುವ ಉತ್ತರದಲ್ಲಿ ಪ್ರಶ್ನೆಯ ಬಗ್ಗೆ ಒಂದು ಮಾತೂ ಇಲ್ಲದೆ ‘ಮೊದಲು ಸೇರಿ, ವಿಷಯ ಆಮೇಲೆ ಕೊಡೋಣ’ ಎಂದಿದ್ದರೆ ಇನ್ನೊಬ್ಬರಿಗೆ ಬರೆಯಬೇಕು.